ಬಿಸಿಲಿಗೆ ಸಡಿಲಿದ ಬಿಲ್ಲತುದಿ

"ಬಾಗಿಲು ಹಾಕಿ, ಬಿಸಿಗಾಳಿ ಬರ್ತದೆ."

ತಲೆಯೆತ್ತದೆ ಹೇಳಿದ ಶೈಲೇಶ್, ತಲೆಯೆತ್ತಿದಾಗ ಕೈಯಲ್ಲಿದ್ದ ಕೆಲಸ ಬದಿಗಿಟ್ಟ. ಕೊಲ್ಲಿ ದೇಶದ ವಾದಿ ಅದಾಯ್ ಬಡಾವಣೆಯ ಅವನ ವರ್ಕ್‌ಶಾಪಿನ ಹೊಸ್ತಿಲಲ್ಲಿ ಭವ್ಯಶ್ರೀ ನಿಂತಿದ್ದಳು... ಕೈಯಲ್ಲಿ ಅದೇ ಬಿಲ್ಲು!

ಕಳೆದ ವರ್ಷ ಆ ಬಿಲ್ಲಿನ ಸವೆದ ತುದಿಗಳಿಗೆ ಹೊಸ ಕೊಂಬಿನ ಹೊದಿಕೆ ಅಂಟಿಸಿ, ಅರದಿಂದ ಉಜ್ಜಿ, ಹೆದೆ ಕೂರುವ ಕಚ್ಚು ತೀಡಿ ಕೊಟ್ಟವನು ಅವನೇ. ಎರಡು ಮನೆಯವರೂ ಅವರಿಬ್ಬರ ಮದುವೆಯ ಮಾತಿಗೆ ಕೂರುವುದರಲ್ಲಿದ್ದರು. ಅಷ್ಟರಲ್ಲಿ ಸ್ಪರ್ಧೆಯ ದಿನ ಮೇಲ್ತುದಿಯ ಹೊದಿಕೆ ಕಿತ್ತು ಹಾರಿತು. ಹೆದೆ ಅವಳ ಮಣಿಕಟ್ಟಿಗೆ ಬಡಿಯಿತು.

"ಇಂಥವರ ಕೈಗೆ ಮಕ್ಕಳನ್ನೂ ಕೊಟ್ಟಿದ್ದೀರಲ್ಲ!" ಎಂದು ಅವಳು ಇಡೀ ಬಿಲ್ಲುಗಾರಿಕೆ ಕ್ಲಬ್ಬಿನೆದುರು ಕೂಗಿದ್ದಳು.

ಅವನು ತುಟಿ ಬಿಚ್ಚಲಿಲ್ಲ. ಅವನ ಬಳಿ ಬಿಲ್ಲು ಹಿಡಿಯಲು ಕಲಿಯುತ್ತಿದ್ದ ಮಕ್ಕಳನ್ನು ಪಾಲಕರು ಒಬ್ಬೊಬ್ಬರಾಗಿ ಬಿಡಿಸಿದರು. ವಿಚಾರಿಸದೆ ತೀರ್ಪು ಕೊಡುವ ನಾಲಿಗೆಗೆ ಎಷ್ಟು ಬೇಗ ಬೆಂಬಲಿಗರು ಸಿಗುತ್ತಾರೆ!

"ಎಂತ ಬೇಕಿತ್ತು?" ಈಗ ಅವನು ಕೇಳಿದ.

"ಇವತ್ತು ಅಮ್ಮನ ಜೊತೆ ಅಲ್ ಮವಾಲೇಹ್ ತರಕಾರಿ ಮಾರ್ಕೆಟಿಗೆ ಹೋಗಿದ್ದೆ. ಬಿಲ್ಲು ಕಾರಲ್ಲೇ ಇತ್ತು. ಬಂದು ಮುಟ್ಟಿದ್ರೆ... ಕೆಳತುದಿಯಲ್ಲಿ ಉಳಿದ ಹೊದಿಕೆಯೂ ಬೆರಳಿಗೇ ಜಾರ್ತು. ಅಂಟು ಬೆಲ್ಲದ ಪಾಕದ ಹಾಗೆ!" ಅವಳು ಬಿಲ್ಲಿನ ಬರಿದಾದ ತುದಿ ತೋರಿಸಿದಳು. "ಸ್ಪರ್ಧೆಯ ದಿನವೂ ಬಿಸಿಲಲ್ಲಿ ಕಾರಲ್ಲೇ ಬಿಟ್ಟಿದ್ದೆ. ಬಿಡ್ಬೇಡಿ ಅಂತ ನೀವು ಹೇಳಿದ್ರಿ."

"ಗೊತ್ತುಂಟು."

"ಗೊತ್ತಿತ್ತಾ? ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ಮಾರಾಯ್ರೆ!"

"ನೀವು ಕೇಳ್ಲಿಲ್ಲ, ತೀರ್ಪು ಕೊಟ್ರಿ. ನಾನು ಹೇಳಿದ್ರೆ ಎಲ್ಲರೆದುರು ತಪ್ಪು ನಿಮ್ಮದಾಗ್ತಿತ್ತು... ಅದು ನನಗೆ ಬೇಡ ಆಯ್ತು."

ಅದನ್ನು ಅವನು ತ್ಯಾಗವೆಂದು ನಂಬಿದ್ದ. ಸುಳ್ಳನ್ನು ಬೆಳೆಯಲು ಬಿಡುವ ಮೌನ ತ್ಯಾಗವಲ್ಲ. ಅದರ ನೋವು ಬೇರೆಯವರ ಮನೆಗೂ ಹೋಗುತ್ತದೆ.

"ತೃಷಾ ಹೇಗಿದ್ದಾಳೆ?" ಅಳುಕುತ್ತ ಕೇಳಿದಳು. ಅವನ ಶಿಷ್ಯರಲ್ಲೆಲ್ಲ ಆ ಹುಡುಗಿಯದೇ ಅತಿ ನಿಖರವಾದ ಗುರಿಯಾಗಿತ್ತು.

"ಅದು ಊರಿಗೆ ಹೋಯ್ತು. ಮತ್ತೆ ಬಿಲ್ಲು ಮುಟ್ಲೇ ಇಲ್ಲ ಅಂತೆ."

'ದೇವರೇ... ಒಂದು ಮಾತಿನಿಂದ ನಾನೇನು ಮಾಡಿಬಿಟ್ಟೆ!'

ಭವ್ಯಶ್ರೀ ಫೋನ್ ತೆಗೆದು, ಕ್ಲಬ್ಬಿನ ಗ್ರೂಪಿಗೆ ಧ್ವನಿ ಸಂದೇಶವನ್ನೇ ಕಳಿಸಿದಳು. "ನಾನು ಭವ್ಯಶ್ರೀ. ಅವತ್ತು ತಪ್ಪಿದ್ದು ಶೈಲೇಶರ ಕೆಲಸ ಅಲ್ಲ. ಬಿಲ್ಲನ್ನು ಬಿಸಿಲಲ್ಲಿ ಬಿಟ್ಟದ್ದು ನಾನು. ಸುಳ್ಳು ದೂರಿದ್ದೂ ನಾನೇ..."

"ಅಷ್ಟೆಲ್ಲ ಯಾಕೆ?" ಅವನು ಎದ್ದು ನಿಂತ.

"ನಾಲ್ಕು ಜನರೆದುರು ಅವಮಾನ ಮಾಡಿ, ನಾಲ್ಕು ಗೋಡೆಯೊಳಗೆ ಕ್ಷಮೆ ಕೇಳಿದ್ರೆ ಸಾಕಾ?" ಅವಳ ಕೆನ್ನೆ ಒದ್ದೆಯಾಗಿತ್ತು. "ತೃಷಾಳ ಮನೆಗೂ ಫೋನ್ ಮಾಡ್ತೇನೆ. ಅವಳು ಬಿಲ್ಲು ಹಿಡೀತಾಳೋ ಇಲ್ವೋ..."

ಅವನು ಅವಳ ಕೈಯಿಂದ ಬಿಲ್ಲನ್ನು ತೆಗೆದುಕೊಂಡು, ತುದಿಯ ಹಳೆಯ ಅಂಟನ್ನು ಮೆಲ್ಲನೆ ಕೆರೆಯತೊಡಗಿದ.

"ಇವತ್ತು ಅಂಟಿಸ್ತೇನೆ. ನಾಳೆ ತೀಡ್ಬೇಕು. ಎರಡು ಬದಿಯೂ ಸಮ ಬರ್ಬೇಕು, ಇಲ್ಲಾಂದ್ರೆ ಹೆದೆ ಓರೆ ಕೂರ್ತದೆ."

"ಅರ ನನ್ನ ಕೈಗೂ ಕೊಡ್ತೀರಾ?"

"ಕೆಟ್ಟುಹೋದ್ರೆ ಪುನಃ ಬೈತೀರಿ."

"ಮೊದಲು ಕೇಳ್ತೇನೆ. ಮತ್ತೆ ಬೈತೇನೆ."

ಒಂದು ವರ್ಷದಲ್ಲಿ ಮೊದಲ ಸಲ ಅವನು ನಕ್ಕ.

"ಮನೆಯಲ್ಲಿ... ಮಾತಾಡ್ಲಿಕ್ಕೆ ಹೇಳ್ಲಾ?"

"ಅಂಟು ಒಣಗ್ಲಿ ಭವ್ಯಾ. ಸ್ವಲ್ಪ ಸಮಯ ಬೇಕು."

"ಕಾಯ್ತೇನೆ," ಎಂದಳು ಅವಳು. "ಈ ಸಲ ನೆರಳಲ್ಲಿಟ್ಟು ಕಾಯ್ತೇನೆ."