ಹುಲಿ ಮೂಲೆಗೆ ನೀರೆರೆದವನು

ಬೀರುವಿನ ಬಾಗಿಲು ತೆರೆದಿತ್ತು. ಕಾಲುಬೇಡಿ ಮಾಯ!

ಯಾಂಗೋನ್‌ನ ಮಾಜಿ ರಾಜಕೀಯ ಕೈದಿಗಳ ಕಚೇರಿಯಲ್ಲಿ ಬೆಳಬೆಳಗ್ಗೆಯೇ ಗೋಳು. ಸೇನೆಯ ಆಳ್ವಿಕೆ ಮುಗಿದು ಹೊಸ ಸಂಸತ್ತು ಕೂತಿತ್ತು. ಇವತ್ತು ಮಧ್ಯಾಹ್ನ ಅದರ ಸಮಿತಿಯ ಮುಂದೆ ಮುದುಕಿ ಮ್ಯಾ ನ್ವೆ ಆ ಬೇಡಿಯನ್ನು ಇಡಬೇಕಿತ್ತು. ಮಗ ಜೈಲಿನಲ್ಲಿ ಜ್ವರದಿಂದ ಸಾಯಲಿಲ್ಲ, ಹಿಂಸೆ ಕೊಟ್ಟು ಕೊಂದರು ಎನ್ನಲು ಆ ತಾಯಿಗಿದ್ದ ಸಾಕ್ಷಿ ಅದೊಂದೇ.

"ಬೀಗ ಒಡೆದಿಲ್ಲ. ಬೀಗದಕೈ ಯಾರ ಹತ್ರ ಇತ್ತು?" ಪತ್ರಕರ್ತೆ ಹ್ನಿನ್ ಯೀ ಕೇಳಿದಳು.

ಕಾವಲುಗಾರ ಊ ಸಾನ್ ಮುಂದೆ ಬಂದ. "ನನ್ನ ಹತ್ರ ತಾಯಿ. ಮೊಳೆಗೆ ಹಾಕಿ ಮಲಗಿದ್ದೆ."

"ಇವನ ಅಳಿಯ ಸೈನ್ಯದಲ್ಲಿದಾನೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ!" ಅಂದ ಮೋ ಝಾ. ಹೋದ ತಿಂಗಳು ಬಂದು ಸೇರಿದವನು. ಮುದುಕಿಯ ಸತ್ತ ಮಗನ ಜೊತೆಗೇ ಜೈಲಿನಲ್ಲಿದ್ದನಂತೆ. ಮ್ಯಾ ನ್ವೆಗೆ ಅವನೆಂದರೆ ಜೀವ.

ಇನ್ಸ್‌ಪೆಕ್ಟರ್ ಯೇ ಲ್ವಿನ್ ಕಾವಲುಗಾರನ ಕೋಣೆ ಜಾಲಾಡಿದರು. ಸಿಕ್ಕಿದ್ದು ಎರಡು ಲುಂಗಿ, ಒಂದು ಡಬ್ಬಿ ಹುಳಿಹಿಡಿಸಿದ ಚಹಾ ಎಲೆ.

"ಪಗೋಡಕ್ಕಾದರೂ ಹೋಗಿ ಬರೋಣ ನಡೀರಪ್ಪಾ," ಅಂದರು ಮ್ಯಾ ನ್ವೆ. "ನನಗಿನ್ನು ಯಾರಿದಾರೆ?"

* * *

ಮೆಟ್ಟಿಲ ಕೆಳಗೆ ಎಲ್ಲರೂ ಚಪ್ಪಲಿ ಬಿಟ್ಟರು. ಮೋ ಝಾ ಹೆಗಲ ಚೀಲವನ್ನೂ ಬಿಟ್ಟ.

ಮೇಲೆ, ಹುಟ್ಟಿದ ವಾರಕ್ಕೊಂದು ಮೂಲೆ, ಮೂಲೆಗೊಂದು ಪ್ರಾಣಿ. ಅವರವರ ಮೂಲೆಯ ಬುದ್ಧನಿಗೆ ಅವರವರು ನೀರೆರೆಯಬೇಕು. ಮಗುವಿನ ಹೆಸರಿನ ಮೊದಲ ಅಕ್ಷರ ಇಡುವುದೂ ಹುಟ್ಟಿದ ವಾರ ನೋಡಿಯೇ. ಮ್ಯಾ, ಮೋ ಎಂದರೆ ಗುರುವಾರದವರು. ಮ್ಯಾ ನ್ವೆ ಗುರುವಾರದ ಇಲಿಯ ಮುಂದೆ ನಿಂತು ಸುತ್ತ ನೋಡಿದರು. "ಮೋ ಝಾ ಎಲ್ಲಪ್ಪಾ? ನಮ್ಮಿಬ್ಬರದೂ ಒಂದೇ ಮೂಲೆ ಅಲ್ವಾ?"

ಅವನು ಆಚೆ, ಸೋಮವಾರದ ಹುಲಿಯ ಮುಂದೆ ಕಣ್ಣುಮುಚ್ಚಿ ನೀರೆರೆಯುತ್ತಿದ್ದ.

ಹ್ನಿನ್ ಯೀ ಇನ್ಸ್‌ಪೆಕ್ಟರ್ ತೋಳು ಹಿಡಿದೆಳೆದಳು. "ಸಾರ್, ಬೇಗ ಕೆಳಗೆ ಹೋಗಿ ಆ ಚೀಲ ನೋಡಿ!"

* * *

ಚೀಲದೊಳಗೆ ಟವೆಲು. ಟವೆಲಿನೊಳಗೆ ಕಾಲುಬೇಡಿ.

"ಅದು ಹ್ಯಾಗಮ್ಮಾ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ಬೆರಗಾದರು.

"ಗುರುವಾರದ ಮೋ ಝಾಗೆ ಹುಲಿ ಹತ್ರ ಏನು ಕೆಲಸ ಸಾರ್? ನಮ್ಮನ್ನೆಲ್ಲ ಏಮಾರಿಸಿದ. ಆದರೆ ಬೇರೆಯವನ ಮೂಲೆಗೆ ನೀರೆರೆದು ತನ್ನ ಪುಣ್ಯ ಕಳ್ಕೊಳ್ಳೋಕೆ ಹೆದರಿದ. ಇನ್ನು ಚೀಲ. ಮೇಲೆ ತಂದು ಬಗ್ಗಿದ್ರೆ ಕಬ್ಬಿಣ ಸದ್ದು ಮಾಡುತ್ತೆ, ಅದಕ್ಕೇ ಕೆಳಗೇ ಬಿಟ್ಟ."

ಹಿಡಿದು ಕೇಳಿದಾಗ ಬಾಯಿಬಿಟ್ಟ. ಅವನ ನಿಜ ಹೆಸರು ಕಾಂಗ್ ಟೂ, ಸೋಮವಾರದ ಹೆಸರು. ಅದೇ ಜೈಲಿನ ಜೈಲರ್. ಸಿಕ್ಕಿಬೀಳುವ ಭಯಕ್ಕೆ, ಅಲ್ಲೇ ಸತ್ತ ಇನ್ನೊಬ್ಬ ಕೈದಿ ಮೋ ಝಾನ ಹೆಸರು ಹೊತ್ತು ಬಂದು, ಊ ಸಾನ್ ಮಲಗಿದ್ದಾಗ ಮೊಳೆಯಿಂದ ಬೀಗದಕೈ ತೆಗೆದಿದ್ದ.

"ಥೂ! ನನ್ನ ಕೈಯಾರೆ ಅನ್ನ ಬಡಿಸಿದೆನಲ್ಲೋ ನಿನಗೆ!" ಮ್ಯಾ ನ್ವೆ ಗಳಗಳ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಬೇಡಿ ಎತ್ತಿಕೊಂಡರು.

* * *

ಸಮಿತಿಯ ಅಧ್ಯಕ್ಷರು ಬೇಡಿಯನ್ನು ತಿರುಗಿಸಿ ನೋಡಿದರು. "ಇದನ್ನ ನಿಮ್ಮ ಮಗನ ಕಾಲಿಗೇ ಹಾಕಿದ್ರು ಅನ್ನೋದಕ್ಕೆ ಯಾರು ಸಾಕ್ಷಿ ತಾಯಿ?"

ಬೆಳಿಗ್ಗೆ ಕೇಳಿದ್ದರೆ ಆಕೆಯ ಬಳಿ ಉತ್ತರವಿರುತ್ತಿರಲಿಲ್ಲ. ಈಗ ಮ್ಯಾ ನ್ವೆ, ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನಿಂತವನತ್ತ ಕೈ ತೋರಿದರು.

"ಹಾಕಿದವನೇ ಬಂದಿದಾನೆ. ಅವನನ್ನೇ ಕೇಳಿ ಸ್ವಾಮಿ."

ಕಾಂಗ್ ಟೂ ತಲೆ ತಗ್ಗಿಸಿದ. "ನಾನೇ ಹಾಕಿದ್ದು. ಸಾಯೋವರೆಗೂ ಬಿಚ್ಚಲಿಲ್ಲ."

ಸಭೆಗೆ ಸಭೆಯೇ ಎದ್ದು ಆ ತಾಯಿಗೆ ಕೈಮುಗಿಯಿತು.