ಬಾಗಿಲಿಲ್ಲದ ಬಚ್ಚಲುಮನೆಯ ಹಾಡು

ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅವಳೊಬ್ಬಳನ್ನು ಬಿಟ್ಟು.

ಅದು ಸಿನಿಮಾ ಸಂಕಲನದ ಕೋಣೆ. ಪರದೆಯ ಮೇಲೆ ಹಿಪ್ಪಿಗಳು ಒಂದೇ ಮನೆಯವರಂತೆ ಒಟ್ಟಿಗೆ ಬಾಳುವ ಕಮ್ಯೂನ್ ಬಗ್ಗೆ ತೆಗೆದ ಹಾಸ್ಯಚಿತ್ರದ ಮೊದಲ ದೃಶ್ಯಗಳು ಓಡುತ್ತಿದ್ದವು. ಉದ್ದ ಕೂದಲಿನವರು, ಕೊರಳ ತುಂಬ ಮಣಿಸರದವರು ಗಿಟಾರ್ ಹಿಡಿದು ತೂಗಾಡುತ್ತಿದ್ದರು.

"ನಗು ಬರಲಿಲ್ವಾ?" ನಿರ್ದೇಶಕ ನೇರವಾಗಿ ಅವಳನ್ನೇ ನೋಡಿದ.

ಹಾಸ್ಯಚಿತ್ರದ ಸಂಕಲನದಲ್ಲಿ ಅವಳದು ಎತ್ತಿದ ಕೈ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ಕತ್ತರಿ ನಗಲಿಲ್ಲವೆಂದರೆ ಚಿತ್ರ ಮಲಗಿತು ಎಂದೇ ಲೆಕ್ಕ.

"ಇಷ್ಟೊಂದು ಜನ ಒಟ್ಟಿಗಿದ್ದಾರೆ, ಒಬ್ಬರೂ ಜಗಳ ಆಡ್ತಿಲ್ಲ. ಪಾತ್ರೆ ಯಾರು ತೊಳೀತಾರೆ ಇಲ್ಲಿ?"

"ಅದೆಲ್ಲ ನಿಮಗೆ ಹೇಗೆ ಗೊತ್ತು?"

'ಅಯ್ಯೋ... ಬಾಯಿ ಬಿಟ್ಟೆನಲ್ಲ...' ಅವಳು ತಲೆ ತಗ್ಗಿಸಿದಳು.

ಗೊತ್ತಿಲ್ಲದೆ ಏನು! ಅವಳು ಹುಟ್ಟಿ ಬೆಳೆದದ್ದೇ ಅಂಥದೊಂದು ತೋಟದಲ್ಲಿ. ಶಾಲೆಯಲ್ಲಿ 'ಹಿಪ್ಪಿ ಮರಿ' ಅನ್ನಿಸಿಕೊಂಡು ಸಾಕಾಗಿ, ಆ ವಿಷಯವನ್ನೇ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಅಮ್ಮ ಇನ್ನೂ ಅಲ್ಲೇ ಇದ್ದಳು. ಕೇಳಿದವರಿಗೆ 'ಅಮ್ಮ ಜಮೀನು ನೋಡ್ಕೊಳ್ತಾಳೆ' ಎಂದು ಹೇಳಿ ಜಾರಿಕೊಳ್ಳುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಆದರೆ ಈ ಮನುಷ್ಯ ಬಿಡಬೇಕಲ್ಲ. ದಿನಾ ಸಂಜೆ ಎರಡು ಲೋಟ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದ. ಅವಳು ಮಾತಾಡಿದರೆ ಮೈಯೆಲ್ಲ ಕಿವಿಯಾಗುತ್ತಿದ್ದ. ಚಹಾ ಆರಿಹೋದರೂ ಅವನಿಗೆ ನೆನಪಾಗುತ್ತಿರಲಿಲ್ಲ. ಹೀಗೇ ಒಂದು ಸಂಜೆ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು.

"ಬಾಗಿಲು ಅಂದ್ರೆ 'ಇದು ನನ್ನದು' ಅನ್ನೋ ಅಹಂಕಾರ ಅಂತ ನಮ್ಮ ತೋಟದವರು ಎಲ್ಲಾ ಬಾಗಿಲೂ ಕಿತ್ತು ಹಾಕಿದ್ರು. ಬಚ್ಚಲುಮನೆದೂ ಸೇರಿಸಿ."

"ಮತ್ತೆ ಸ್ನಾನ?"

"ಒಳಗೆ ಹೋದವರು ಹಾಡ್ತಾ ಇರಬೇಕು. ಹಾಡು ನಿಂತ್ರೆ ಬೇರೆಯವರು ನುಗ್ಗಬಹುದು. ನಮ್ಮಮ್ಮಂದು ಒಂದೇ ಸಾಲು. 'ನಾನಿದ್ದೀನಿ, ನಾನಿದ್ದೀನಿ...' ಅಂತ. ಶ್ರುತಿಗೂ ಅವಳಿಗೂ ಎಣ್ಣೆ ಸೀಗೇಕಾಯಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಆ ತೋಟ ನೆನೆದು ನಕ್ಕಿದ್ದಳು. ಆ ಸಂಜೆಯೇ ಅವನ ಮೇಲೆ ಮನಸ್ಸು ಪೂರ್ತಿ ಜಾರಿತು.

ಕೆಲವು ವಾರ ಕಳೆದು ಹೊಸ ದೃಶ್ಯವೊಂದು ಅವಳ ಮುಂದೆ ಬಂತು. ಬಾಗಿಲಿಲ್ಲದ ಬಚ್ಚಲುಮನೆ. ಒಳಗೆ ನಟಿಯೊಬ್ಬಳು ಬೇಕೆಂದೇ ಅಪಸ್ವರದಲ್ಲಿ ಕಿರುಚುತ್ತಿದ್ದಾಳೆ... 'ನಾನಿದ್ದೀನಿ, ನಾನಿದ್ದೀನಿ...'

ಅವಳು ದೃಶ್ಯವನ್ನು ಅರ್ಧಕ್ಕೇ ನಿಲ್ಲಿಸಿದಳು.

"ನಮ್ಮಮ್ಮನ್ನ ತಮಾಷೆ ಮಾಡ್ಬಿಟ್ರಲ್ಲ. ನಂಬಿ ಹೇಳಿದ್ದೆ ನಿಮಗೆ."

"ಪೂರ್ತಿ ನೋಡಿ ದಯವಿಟ್ಟು..."

"ನಾನು ಇದನ್ನ ಮುಟ್ಟಲ್ಲ. ಈ ದೃಶ್ಯ ಇದ್ರೆ ಚಿತ್ರದಲ್ಲಿ ನನ್ನ ಹೆಸರು ಬೇಡ. ನಿಮಗೂ ನನಗೂ ಮಾತೂ ಬೇಡ."

ಅವನು ಎದ್ದು ನಿಂತ. "ಪರೀಕ್ಷಾ ಪ್ರದರ್ಶನಕ್ಕೆ ಒಂದ್ಸಲ ಬನ್ನಿ. ಜನರ ಜೊತೆ ಕೂತು ನೋಡಿ. ಆಮೇಲೂ ಬೇಡ ಅಂದ್ರೆ ನಾನೇ ಕಿತ್ತು ಹಾಕ್ತೀನಿ."

ಹೋದಳು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ಅಮ್ಮನನ್ನು ಜನ ಆಡಿಕೊಂಡು ನಗುವುದನ್ನು ಕಣ್ಣಾರೆ ನೋಡಿ, ಕಿತ್ತು ಹಾಕಿ ಎಂದು ಹೇಳಿ, ಅವನನ್ನೂ ಮರೆತುಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದಳು.

ದೃಶ್ಯ ಬಂತು. ಹಾಡು ಶುರುವಾಯಿತು.

ಅದು ನಟಿಯ ದನಿಯಾಗಿರಲಿಲ್ಲ! ಒರಟು, ಒಡಕು, ಸ್ವಲ್ಪವೂ ನಾಚಿಕೆಯಿಲ್ಲದ ದನಿ... ಅಮ್ಮನದೇ.

ಜನ ಬಿದ್ದು ಬಿದ್ದು ನಕ್ಕರು. ಅವಳು ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ತೆರೆಯ ಮೇಲೆ ಹಾಡು ತಟ್ಟನೆ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಗಾಗಿ ಕಿತ್ತಾಡುತ್ತಿದ್ದವರು ತಲೆಯೆತ್ತಿದರು. ಗುದ್ದಲಿ ಬಿಸಾಕಿ ಒಬ್ಬ ಓಡಿದ, ಸೋಪಿನ ಕೈಯಲ್ಲೇ ಇನ್ನೊಬ್ಬಳು ಓಡಿದಳು. ಇಡೀ ತೋಟವೇ ಬಚ್ಚಲುಮನೆಗೆ ನುಗ್ಗಿತು. ಹಾಡುತ್ತಿದ್ದ ತುಂಬು ಗರ್ಭಿಣಿ ನೆಲಕ್ಕೆ ಕುಸಿದಿದ್ದಳು. ತಡೆಯಲು ಬಾಗಿಲಿರಲಿಲ್ಲ. ಮುಂದಿನ ದೃಶ್ಯದಲ್ಲಿ ಎಳೆಗೂಸಿನ ಅಳು. ಸುತ್ತ ನಿಂತ ಅಷ್ಟೂ ಜನ ಕಣ್ಣೊರೆಸಿಕೊಳ್ಳುತ್ತ, ಒಟ್ಟಿಗೆ, ಅಪಸ್ವರದಲ್ಲಿ ಹಾಡಿದರು. 'ನಾನಿದ್ದೀನಿ, ನಾನಿದ್ದೀನಿ...'

ಸಭಾಂಗಣದಲ್ಲಿ ನಗು ಅಡಗಿತು. ಆಮೇಲೆ ಚಪ್ಪಾಳೆ ಶುರುವಾಯಿತು.

'ಆ ಮಗು ನಾನಾ...? ಅಮ್ಮ ಇದನ್ನ ಯಾಕೆ ಹೇಳಲೇ ಇಲ್ಲ?' ಅಮ್ಮನಿಗೆ ಹೇಳಲು ತಾನೇ ಅವಕಾಶ ಕೊಟ್ಟಿರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು. ತೋಟದ ಸುದ್ದಿ ತೆಗೆದರೆ ಸಾಕು, ಎದ್ದು ಹೋಗುತ್ತಿದ್ದವಳು ಅವಳೇ.

ದೀಪ ಹತ್ತಿತು. ಮೊದಲ ಸಾಲಿನಲ್ಲಿ ತೇಪೆ ಹಾಕಿದ ಲಂಗದ, ನರೆತ ಜಡೆಯ ಹೆಂಗಸೊಬ್ಬಳು ಎದ್ದು ನಿಂತು ಪಕ್ಕದವರಿಗೆ ಜೋರಾಗಿ ಹೇಳುತ್ತಿದ್ದಳು. "ಹಾಡು ನಂದು. ಆದ್ರೆ ಈ ಪಿಚ್ಚರ್ ಕೂಡಿಸಿದ್ದು ನನ್ನ ಮಗಳು."

ಅವಳು ಓಡಿಹೋಗಿ ಅಮ್ಮನ ಹೆಗಲು ಬಳಸಿದಳು. ಸ್ಟುಡಿಯೋದವರೆಲ್ಲ ನೋಡುತ್ತಿದ್ದರು. ನೋಡಲಿ ಎಂದೇ ತಲೆಯೆತ್ತಿ ಹೇಳಿದಳು, "ಇವರು ನಮ್ಮಮ್ಮ. ನಾನು ಹುಟ್ಟಿದ್ದು ಆ ತೋಟದಲ್ಲೇ."

ಅಮ್ಮ ಕಣ್ಣೊರೆಸಿಕೊಂಡು ನಿರ್ದೇಶಕನತ್ತ ಕೈ ತೋರಿಸಿದಳು. "ಈ ಹುಡುಗ ಒಪ್ಪಿಗೆ ಕೇಳೋಕೆ ತೋಟಕ್ಕೆ ಬಂದಿದ್ದ ಕಣೇ. ಎಲ್ಲರೂ ಹೂಂ ಅನ್ನೋವರೆಗೂ ನಮ್ಮ ಪಾತ್ರೆ ತೊಳೆದ. ನೀನು ಹುಟ್ಟಿದ ಕತೆ ಹೇಳಿದೆ, ಹಾಡೂ ಹಾಡಿಕೊಟ್ಟೆ. ಮಗಳಿಗೆ ಮೊದಲೇ ಹೇಳಬೇಡ, ಅವಳ ಕಿವಿಗೇ ಬೀಳಲಿ ಅಂದಿದ್ದು ನಾನು."

ಮರುದಿನ ಬೆಳಿಗ್ಗೆ ನಿರ್ದೇಶಕ ಸಂಕಲನದ ಕೋಣೆಗೆ ಬಂದ. ದೃಶ್ಯ ಇರಬೇಕೋ, ಹೋಗಬೇಕೋ ಎಂದು ಅವಳಿನ್ನೂ ಹೇಳಿರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಹಾಡು ಕೇಳುತ್ತಿತ್ತು, ಅಮ್ಮನಷ್ಟೇ ಅಪಸ್ವರದಲ್ಲಿ. 'ನಾನಿದ್ದೀನಿ, ನಾನಿದ್ದೀನಿ...'

ನಿಯಮ ಗೊತ್ತಿದ್ದವನು ಹೊಸ್ತಿಲಾಚೆಯೇ ನಿಂತ. ಎರಡು ಲೋಟ ಚಹಾ ಕೈ ಸುಡುತ್ತಿದ್ದವು.

ಹಾಡು ನಿಂತಿತು.

"ಒಳಗೆ ಬರಬಹುದಾ?" ಎಂದ ಮೆಲ್ಲಗೆ.

"ಮತ್ತೆ ನಾನು ಹಾಡು ಯಾಕೆ ನಿಲ್ಲಿಸಿದೆ ಅಂದ್ಕೊಂಡೆ ನೀನು?"