ಗಾಜಿನ ಮನೆಯ ಸ್ಟೇಷನ್ ಮಾಸ್ಟರ್

"ಆ ಹಸಿರು ಬಾವುಟ ಇಳಿಸೋ, ಕೂಕು! ಎಲ್ಲರೂ ನಿನ್ನನ್ನೇ ನೋಡ್ತಿದ್ದಾರೆ," ಎಂದು ಚುಮ್ಮಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಇಳಿಸಿದ್ರೆ ಟ್ರೈನ್ ಹೇಗೆ ಹೋಗುತ್ತೆ?"

"ಅದು ಕರೆಂಟಲ್ಲಿ ಹೋಗುತ್ತೆ ಕಣೋ. ನಿನ್ನ ಬಾವುಟ ನೋಡ್ಕೊಂಡು ಅಲ್ಲ."

"ಅದು ನಿನಗೆ ಗೊತ್ತು. ಟ್ರೈನಿಗೆ ಗೊತ್ತಾ?"

ಐದು ವರ್ಷದ ತಮ್ಮನ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಅಷ್ಟರಲ್ಲಿ ಜರೀಗಿಡಗಳ ನಡುವಿನಿಂದ ಅಂಗೈ ಉದ್ದದ ಕೆಂಪು ರೈಲೊಂದು ಬುಸಬುಸನೆ ಬಂತು. ಕಡ್ಡಿಗಳನ್ನು ಜೋಡಿಸಿ ಕಟ್ಟಿದ ಸೇತುವೆ ದಾಟಿತು. ಆಲದ ಬೇರಿನ ಕೆಳಗಿನ ಸುರಂಗಕ್ಕೆ ನುಗ್ಗಿ ಮಾಯವಾಯಿತು. ಕೂಕು ಬಾವುಟವನ್ನು ಪಟಪಟ ಆಡಿಸಿ, "ಕೂಊಊ!" ಎಂದು ಇಡೀ ಗಾಜಿನ ಮನೆ ಗುಂಯ್‌ಗುಡುವ ಹಾಗೆ ಕೂಗಿದ. ಅವನಿಗೆ ಕೂಕು ಅಂತ ಹೆಸರು ಬಿದ್ದದ್ದೇ ಈ ಕೂಗಿನಿಂದ.

ಸಸ್ಯತೋಟದ ಆ ಗಾಜಿನ ಮನೆಯಲ್ಲಿ ವರ್ಷಕ್ಕೊಮ್ಮೆ ಪುಟಾಣಿ ರೈಲುಗಳ ಪ್ರದರ್ಶನ ನಡೆಯುತ್ತಿತ್ತು. ಗಿಡಗಳ ನಡುವೆ ಒಂದು ಊರನ್ನೇ ಕಟ್ಟಿಬಿಡುತ್ತಿದ್ದರು. ಮರದ ತೊಗಟೆಯ ಗೋಡೆಗಳು, ಒಣಗಿದ ಎಲೆಯ ಸೂರು, ಬೀಜದ ಸಿಪ್ಪೆಯ ಬೀದಿದೀಪ. ಪಾಪಾಸುಕಳ್ಳಿಗಳೇ ಬೆಟ್ಟಗುಡ್ಡ. ಇವತ್ತು ಕೊನೆಯ ದಿನ. ಇವತ್ತು ತಪ್ಪಿದರೆ ಮುಂದಿನ ವರ್ಷವೇ.

ಅದಕ್ಕಿಂತ ದೊಡ್ಡ ಸಂಗತಿ ಹೊರಗೆ, ತಾವರೆ ಕೊಳದ ಹತ್ತಿರ ಇತ್ತು. ಅಲ್ಲಿ ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಹೊಗೆಯ ಎಂಜಿನ್ನೊಂದು ಕೊಳದ ಸುತ್ತ ಓಡುತ್ತದೆ. ಅದೂ ಸಂಜೆಯ ಹೊತ್ತು ಒಂದೇ ಸಲ, ಗಂಟೆ ಬಾರಿಸಿದ ಮೇಲೆ. ಆ ಎಂಜಿನ್ನಿನ ಜಪ ಮಾಡಿ ಮಾಡಿ ಕೂಕು ಮನೆಯವರ ತಲೆ ಚಿಟ್ಟು ಹಿಡಿಸಿದ್ದ.

ಅವನ ಕಾಟ ತಾಳಲಾರದೆ ಅಮ್ಮ ಒಂದು ಸ್ಟೇಷನ್ ಮಾಸ್ಟರ್ ಕೋಟು ಹೊಲಿದುಕೊಟ್ಟಿದ್ದಳು. ಅಮ್ಮ ಟೈಲರ್. ಯಾರದೋ ಪರದೆಗೆ ಹಾಕಿ ಉಳಿದ ಕಪ್ಪು ಬಟ್ಟೆ, ಡಬ್ಬಿಯ ತಳದಲ್ಲಿ ಒಂಟಿಯಾಗಿ ಬಿದ್ದಿದ್ದ ಗುಂಡಿಗಳು. ಒಂದು ಹಳದಿ, ಒಂದು ನೀಲಿ, ಒಂದು ಮುತ್ತಿನ ಹಾಗೆ ಹೊಳೆಯುವಂಥದ್ದು. ತಲೆಗೆ ರಟ್ಟಿನ ಟೋಪಿ. ಕೈಗೆ ಕೆಂಪು ಒಂದು, ಹಸಿರು ಒಂದು ಬಾವುಟ.

ತೋಟದ ಕೆಲಸದವರಿಗೆಂದು ಹೊಲಿದ ಏಪ್ರನ್‌ಗಳನ್ನು ಕೊಡಲು ಅಮ್ಮ ಈಗ ಹಿಂದುಗಡೆಯ ಗೋದಾಮಿಗೆ ಹೋಗಿದ್ದಳು. "ಯಾರಿಗೆ ಎಲ್ಲಿ ಬಿಗಿ ಅಂತ ನೋಡಿ ಸರಿಮಾಡಿ ಕೊಟ್ಟು ಬರ್ತೀನಿ. ತಮ್ಮನ ಕೈ ಬಿಡಬೇಡ. ಗಂಟೆ ಹೊಡೆದಾಗ ಇಬ್ಬರೂ ಕೊಳದ ಹತ್ತಿರ ಬನ್ನಿ," ಎಂದು ಹೇಳಿದ್ದಳು.

"ಹೇ ಚುಮ್ಮಿ! ನೀನೂ ಬಂದಿದ್ದೀಯಾ?"

ಚುಮ್ಮಿ ಬೆಚ್ಚಿ ತಿರುಗಿದಳು. ತರಗತಿಯ ಮಾನಿಟರ್! ಜೊತೆಗೆ ಅವಳ ನೆರಳಿನ ಹಾಗೆ ಯಾವಾಗಲೂ ಇರುವ ಗುಂಗುರು ಕೂದಲಿನ ಗೆಳತಿ. ಇಡೀ ವರ್ಷ ಚುಮ್ಮಿಯನ್ನು ಕಣ್ಣೆತ್ತಿ ನೋಡದ ಇವರು, ಈ ವಾರವಷ್ಟೇ ಅವಳನ್ನು ತಮ್ಮ ಬೆಂಚಿಗೆ ಕರೆದಿದ್ದರು. ಸ್ಕಿಪ್ಪಿಂಗ್ ಆಟಕ್ಕೂ ಸೇರಿಸಿಕೊಂಡಿದ್ದರು.

"ಅಯ್ಯೋ, ಆ ಪುಟಾಣೀನ ನೋಡೇ!" ಗುಂಗುರು ಕೂದಲಿನವಳು ಕೂಕುವಿನತ್ತ ಬೆರಳು ತೋರಿಸಿ ಕಿಸಕ್ಕನೆ ನಕ್ಕಳು. "ಕೋಟು ನೋಡು, ಒಂದೊಂದು ಗುಂಡಿ ಒಂದೊಂದು ಬಣ್ಣ! ಸರ್ಕಸ್ಸಿಂದ ಬಂದ ಹಾಗಿದ್ದಾನೆ."

"ಆಗ್ಲಿಂದ ಕೂ ಕೂ ಅಂತ ಕೂಗ್ತಿರೋನು ಇವನೇನಾ? ಕಿವಿ ತೂತಾಯ್ತು," ಎಂದಳು ಮಾನಿಟರ್. "ನಿನ್ನ ಜೊತೆ ಬಂದಿರೋದಾ ಚುಮ್ಮಿ?"

ಚುಮ್ಮಿಯ ಕಿವಿ ಬಿಸಿಯಾಯಿತು. ಮಾತು ತಾನಾಗಿಯೇ ಬಾಯಿಂದ ಜಾರಿತು.

"ಇಲ್ಲಪ್ಪ. ಯಾರೋ. ಯಾರ ಮನೆ ಹುಡುಗನೋ ಏನೋ."

ಕೆಂಪು ರೈಲು ಸುರಂಗದಿಂದ ಹೊರಗೆ ಬಂತು. ಕೂಕುವಿನ ಕೈ ಅರ್ಧ ಮೇಲೆದ್ದಿತ್ತು. ಅದು ಅಲ್ಲೇ ನಿಂತಿತು. ಆಮೇಲೆ ಮೆಲ್ಲನೆ ಕೆಳಗಿಳಿಯಿತು. ಅವನು ಕೂಗಲಿಲ್ಲ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ರೈಲು ಬಾವುಟವಿಲ್ಲದೆಯೇ ಸೇತುವೆ ದಾಟಿ ಹೋಯಿತು.

"ಬಾ, ಕಳ್ಳಿ ಬೆಟ್ಟದ ಹತ್ತಿರ ರೈಲು ಮೇಲೆ ಹತ್ತುತ್ತೆ, ತೋರಿಸ್ತೀನಿ," ಎಂದು ಮಾನಿಟರ್ ಚುಮ್ಮಿಯ ಕೈ ಹಿಡಿದು ಎಳೆದಳು. ಇಲ್ಲೇ ತಾನೆ, ಹೀಗೆ ಹೋಗಿ ಹಾಗೆ ಬಂದರಾಯಿತು ಎಂದುಕೊಂಡು ಚುಮ್ಮಿ ಹೋದಳು. ಕಳ್ಳಿ ಬೆಟ್ಟದ ರೈಲು ಹತ್ತಿತು, ಇಳಿಯಿತು. ಗೆಳತಿಯರು ಏನೇನೋ ಹೇಳಿ ನಗುತ್ತಿದ್ದರು. ಚುಮ್ಮಿಗೆ ಒಂದೂ ಕಿವಿಗೆ ಬೀಳಲಿಲ್ಲ. ಎಷ್ಟು ಹೊತ್ತಾದರೂ ಆ ಕಡೆಯಿಂದ ಕೂ ಎನ್ನುವ ಸದ್ದೇ ಇಲ್ಲವಲ್ಲ!

"ಈಗ ಬಂದೆ," ಎಂದವಳೇ ಅವಳು ಓಡಿದಳು.

ಕೂಕು ಬಿಟ್ಟ ಜಾಗದಲ್ಲೇ ಇದ್ದ. ಅವನ ಪಕ್ಕದಲ್ಲಿ ದಪ್ಪ ಮೀಸೆಯ ಸೆಕ್ಯೂರಿಟಿ ಗಾರ್ಡ್ ಮಂಡಿಯೂರಿ ಕೂತು ಕೇಳುತ್ತಿದ್ದ.

"ಯಾರ ಜೊತೆ ಬಂದೆಯಪ್ಪ ನೀನು?"

"ನೀವು ಯಾರು?" ಕೂಕುವಿನ ಮರುಪ್ರಶ್ನೆ.

"ನಾನು ಇಲ್ಲಿನ ಗಾರ್ಡು."

"ಗಾರ್ಡಾ?" ಕೂಕುವಿನ ಮುಖ ಅರಳಿತು. "ಯಾವ ಟ್ರೈನಿನ ಗಾರ್ಡು?"

ಗಾರ್ಡ್ ಮೀಸೆಯೊಳಗೇ ನಕ್ಕ. "ಎಲ್ಲಾ ಟ್ರೈನಿಗೂ ನಾನೇ ಕಣಪ್ಪ. ಈಗ ಹೇಳು, ಯಾರ ಜೊತೆ ಬಂದೆ?"

"ಒಬ್ಬನೇ."

"ಅಂಕಲ್, ಅವನು ನನ್ನ ತಮ್ಮ!" ಚುಮ್ಮಿ ಏದುಸಿರು ಬಿಡುತ್ತ ಅಂದಳು. "ಕೂಕು, ಬಾರೋ."

ಗಾರ್ಡ್ ಅವಳನ್ನು ನೋಡಿದ, ಕೂಕುವನ್ನು ನೋಡಿದ. "ಹೌದೇನಪ್ಪ? ಇವಳು ನಿನ್ನ ಅಕ್ಕಾನಾ?"

ಕೂಕು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಲ್ಲ," ಎಂದ. "ಯಾರೋ. ಯಾರ ಮನೆ ಹುಡುಗಿಯೋ ಏನೋ."

ಚುಮ್ಮಿ ಕೈ ಚಾಚಿದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ.

ಗಾರ್ಡ್ ಎದ್ದು ನಿಂತ. ಮೀಸೆಯ ನಗು ಮಾಯವಾಗಿತ್ತು. "ಹುಡುಗ ಹೂಂ ಅನ್ನದೆ ನಾನು ಕಳಿಸೋ ಹಾಗಿಲ್ಲಮ್ಮ. ಕೌಂಟರಿಗೆ ನಡೀರಿ."

ಗಾಜಿನ ಮನೆಯ ಬಾಗಿಲ ಬಳಿ ಒಂದು ಸಣ್ಣ ಕೌಂಟರ್. ಒಳಗೆ ಸ್ವೆಟರ್ ಹೆಣೆಯುತ್ತ ಒಬ್ಬ ಆಂಟಿ ಕೂತಿದ್ದರು. ಅವರ ಮುಂದೆ ಮೈಕು. "ತಪ್ಪಿಸ್ಕೊಂಡ ಮಗೂನಾ? ಇರಿ, ಈಗ್ಲೇ ಅನೌನ್ಸ್ ಮಾಡ್ತೀನಿ," ಎಂದು ಮೈಕಿನ ಸ್ವಿಚ್ಚಿಗೆ ಕೈ ಹಾಕಿದರು.

"ಬೇಡ ಆಂಟಿ, ಪ್ಲೀಸ್! ಮಗು ತಪ್ಪಿಸ್ಕೊಂಡಿದೆ ಅಂತ ಕೇಳಿದ್ರೆ ನಮ್ಮಮ್ಮ ಎದೆ ಒಡ್ಕೋತಾಳೆ. ಅವನು ನಿಜವಾಗ್ಲೂ ನನ್ನ ತಮ್ಮ. ಬೇಕಾದ್ರೆ ಏನಾದ್ರೂ ಕೇಳಿ, ಹೇಳ್ತೀನಿ."

"ಸರಿ, ಹೇಳು ನೋಡೋಣ," ಎಂದ ಗಾರ್ಡ್.

"ಎಡಗಿವಿ ಹಿಂದೆ ಮಚ್ಚೆ ಇದೆ. ಬ್ರೆಡ್ಡಿನ ಅಂಚು ಮಾತ್ರ ತಿಂತಾನೆ, ನಡುವಿನದು ನನ್ನ ತಟ್ಟೆಗೆ ಹಾಕ್ತಾನೆ. ಸ್ನಾನಕ್ಕೆ ಕರೆದ್ರೆ ಮಂಚದ ಕೆಳಗೆ ಸೇರ್ಕೋತಾನೆ. ಒಂದು ಹಳೇ ಕಾಲುಚೀಲ ತಬ್ಕೊಳ್ದೆ ಇದ್ರೆ ನಿದ್ದೇನೇ ಬರಲ್ಲ..."

"ಸುಳ್ಳು!" ಕೂಕು ಕಾಲು ನೆಲಕ್ಕೆ ಬಡಿದ. "ಕಾಲುಚೀಲ ಅಲ್ಲ ಅದು! ಮೊಸಳೆ!"

ಆಂಟಿಯ ಕೈಯಿಂದ ಹೆಣಿಗೆ ಕಡ್ಡಿ ಜಾರಿ ಬಿತ್ತು. ಗಾರ್ಡ್ ಮೀಸೆ ಸವರಿಕೊಂಡ.

"ಅಲ್ಲಯ್ಯ ಸ್ಟೇಷನ್ ಮಾಸ್ಟರೇ, ನಿನ್ನ ಮೊಸಳೆ ವಿಷಯ ಇವಳಿಗೆ ಹೇಗೆ ಗೊತ್ತಾಯ್ತು? ಯಾರೋ ಅಂದೆಯಲ್ಲ?"

"ನಾನೆಲ್ಲಿ ಅಂದೆ? ಅವಳೇ ಮೊದ್ಲು ಅಂದಿದ್ದು," ಎಂದ ಕೂಕು. "ಅವಳ ಫ್ರೆಂಡ್ಸ್ ಹತ್ರ. ಯಾರೋ ಅಂತ."

ಗಾರ್ಡ್, ಆಂಟಿ ಇಬ್ಬರೂ ಚುಮ್ಮಿಯತ್ತ ತಿರುಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳನ್ನು ಹುಡುಕಿಕೊಂಡು ಬಂದಿದ್ದ ಮಾನಿಟರ್ ಮತ್ತು ಅವಳ ಗೆಳತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಹೂಂ, ಅಂದೆ," ಎಂದಳು ಚುಮ್ಮಿ. ಧ್ವನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಸುಳ್ಳು ಹೇಳ್ದೆ. ನೀನು ನನ್ನ ತಮ್ಮಾನೇ ಕಣೋ ಕೂಕು. ಬಾ, ಹೋಗೋಣ."

ಕೂಕು ಟೋಪಿ ಸರಿಮಾಡಿಕೊಂಡ.

"ಅವಾಗ ಜೋರಾಗಿ ಹೇಳಿದ್ದೆ. ಈಗ ಮೆಲ್ಲಗೆ ಹೇಳ್ತಿದ್ದೀಯ."

"ಜೋರಾಗೇ ಹೇಳ್ತೀನಿ. ನೀನು ನನ್ನ ತಮ್ಮ!"

"ಇನ್ನೂ ಜೋರಾಗಿ." ಅವನು ಬಾವುಟದ ಕೋಲಿನಿಂದ ತೋರಿಸಿದ. "ಅದರಲ್ಲಿ ಹೇಳು. ಮೈಕಲ್ಲಿ."

"ಮೈಕಲ್ಲಾ?"

ಮೈಕಿನ ಸದ್ದು ಎಲ್ಲೆಲ್ಲಿ ಕೇಳುತ್ತದೆ ಎಂದು ಚುಮ್ಮಿಗೆ ಗೊತ್ತಿತ್ತು. ತೋಟದ ಪ್ರತಿ ಕಂಬಕ್ಕೂ ಒಂದೊಂದು ಸ್ಪೀಕರ್ ಕಟ್ಟಿದ್ದರು. ಬಾಗಿಲಲ್ಲಿ ಮಾನಿಟರ್ ಕಣ್ಣರಳಿಸಿ ನಿಂತಿದ್ದಳು. ನಾಳೆ ಇಡೀ ತರಗತಿಗೆ ಸುದ್ದಿ. ಬೆಂಚೂ ಹೋಯಿತು, ಸ್ಕಿಪ್ಪಿಂಗ್ ಹಗ್ಗವೂ ಹೋಯಿತು.

ಆಗಲೇ ಕೊಳದ ಕಡೆಯಿಂದ ಗಂಟೆ ಕೇಳಿಸಿತು. ಢಣ್! ಢಣ್! ಢಣ್!

ಹೊಗೆ ಎಂಜಿನ್!

ಕೂಕು ಬಾಗಿಲತ್ತ ನೋಡಿದ. ಓಡಲು ತುದಿಗಾಲಲ್ಲಿ ನಿಂತಿದ್ದ. ಆದರೂ ಅವನು ಜಾಗ ಬಿಟ್ಟು ಕದಲಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಎರಡೂ ಬಾವುಟಗಳನ್ನು ಎದೆಗವಚಿಕೊಂಡು ಹಾಗೇ ನಿಂತ. ಇಷ್ಟು ದಿನ ಊಟ ನಿದ್ದೆ ಬಿಟ್ಟು ಜಪಿಸಿದ ಎಂಜಿನ್ ಅದು. ಅದನ್ನೂ ಬಿಟ್ಟು ಇವನು ಇಲ್ಲೇ ನಿಂತಿದ್ದಾನಲ್ಲ ಎಂದುಕೊಂಡು ಚುಮ್ಮಿ ಕೌಂಟರಿನತ್ತ ತಿರುಗಿದಳು.

"ಆಂಟಿ, ಸ್ವಿಚ್ ಯಾವುದು?" ಎಂದು ಕೇಳಿದಳು.

ಆಂಟಿ ಗಾರ್ಡ್ ಕಡೆ ನೋಡಿದರು. ಗಾರ್ಡ್ ಗಾಜಿನ ಸೂರು ನೋಡುತ್ತ ಏನೂ ಗೊತ್ತಿಲ್ಲದವನ ಹಾಗೆ ನಿಂತ. ಆಂಟಿ ಸ್ವಿಚ್ ಒತ್ತಿ ಮೈಕನ್ನು ಚುಮ್ಮಿಯತ್ತ ತಿರುಗಿಸಿದರು.

"ಎಲ್ಲರೂ ಗಮನಿಸಿ," ಎಂದಳು ಚುಮ್ಮಿ. ಅವಳ ಧ್ವನಿ ಮರಗಳ ಮೇಲೆಲ್ಲ ಹಾರಿ ವಾಪಸ್ಸು ಬಂತು. ಅವಳು ಬೆದರಿ ಮೈಕಿನಿಂದ ಹಿಂದೆ ಸರಿದು, ಮತ್ತೆ ಹತ್ತಿರ ಬಂದಳು. "ಗಾಜಿನ ಮನೆಯಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಇದ್ದಾನೆ. ಕಪ್ಪು ಕೋಟು, ಬೇರೆ ಬೇರೆ ಬಣ್ಣದ ಗುಂಡಿ. ಅವನು ನನ್ನ ತಮ್ಮ. ಸ್ವಂತ ತಮ್ಮ. ಅವನಿಗೆ ನಾನೇ ಅಕ್ಕ. ಅಷ್ಟೇ. ಧನ್ಯವಾದ."

ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಗುಂಗುರು ಕೂದಲಿನವಳು ಕಿಸಕ್ಕನೆ ನಗಲು ಹೋದಳು. ಮಾನಿಟರ್ ಅವಳ ಮೊಣಕೈ ತಿವಿದು, "ಸುಮ್ನಿರೇ," ಎಂದಳು. ಅವಳು ಚುಮ್ಮಿಯನ್ನು ಒಂದು ಥರಾ ನೋಡುತ್ತಿದ್ದಳು. ಆ ನೋಟದ ಅರ್ಥ ಏನು ಅಂತ ನಿಂತು ತಿಳಿದುಕೊಳ್ಳಲು ಚುಮ್ಮಿಗೆ ಪುರುಸೊತ್ತಿರಲಿಲ್ಲ.

"ಏನಪ್ಪ, ಈಗ ಇವಳು ಯಾರು?" ಎಂದು ಗಾರ್ಡ್ ಕೇಳಿದ.

"ನಮ್ಮಕ್ಕ," ಎಂದ ಕೂಕು, ಇದೆಂಥ ಪ್ರಶ್ನೆ ಅನ್ನುವ ಹಾಗೆ. "ಬಾರೇ ಬೇಗ!"

ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ಓಡಿದರು. ಕೂಕುವಿನ ಟೋಪಿ ಒಂದು ಸಲ ಹಾರಿತು. ಚುಮ್ಮಿ ಅದನ್ನು ಹೆಕ್ಕಿಕೊಂಡು ಮತ್ತೆ ಓಡಿದಳು.

ಕೊಳ ತಲುಪಿದಾಗ ಎಂಜಿನ್ ಹೊರಟಾಗಿತ್ತು. ಛುಕುಛುಕು ಸದ್ದು, ಎಣ್ಣೆಯ ವಾಸನೆ, ಜನರ ತಲೆಗಳ ಮೇಲೆ ತೇಲುವ ಬಿಳಿ ಹೊಗೆ. ಅಷ್ಟು ಬಿಟ್ಟರೆ ಬರೀ ಬೆನ್ನುಗಳು. ಜನ ಗೋಡೆ ಕಟ್ಟಿದ ಹಾಗೆ ನಿಂತಿದ್ದರು.

"ಹೊರಟು ಹೋಯ್ತು," ಎಂದ ಕೂಕು. "ನಾನು ಬಾವುಟ ತೋರ್ಸೋಕೆ ಮುಂಚೇನೇ."

ಅಷ್ಟರಲ್ಲಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಅಮ್ಮ ಓಡಿ ಬಂದಳು. ಸೆರಗಿನ ತುಂಬ ಗುಂಡುಪಿನ್ನು.

"ಮೈಕಲ್ಲಿ ಕೂಗಿದ್ದು ನೀನೇ ತಾನೆ? ಗೋದಾಮಲ್ಲಿ ಎಲ್ರೂ ಕೆಲಸ ಬಿಟ್ಟು ನಗ್ತಾ ಇದ್ರು. ತಮ್ಮ, ತಮ್ಮ ಅಂತ ಊರಿಗೆಲ್ಲ ಸಾರೋವಂಥದ್ದು ಏನೇ ಆಯ್ತು?"

ಕೂಕುವಿನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮನೆಯೊಳಗೆ ಕಾಲಿಡುವ ಮೊದಲೇ ಎಲ್ಲವನ್ನೂ ಅಮ್ಮನ ಮುಂದೆ ಸುರಿಯುವವನು ಅವನು. ಚುಮ್ಮಿ ತಲೆ ತಗ್ಗಿಸಿ ಕಾದಳು.

ಕೂಕು ಅಕ್ಕನನ್ನು ನೋಡಿದ. ಅಮ್ಮನನ್ನು ನೋಡಿದ.

"ಏನಿಲ್ಲಮ್ಮ," ಎಂದ. "ರೈಲ್ವೇ ಅನೌನ್ಸ್‌ಮೆಂಟು. ಸ್ಟೇಷನ್ ಅಂದ್ಮೇಲೆ ಇರಲ್ವಾ?"

"ಒಳ್ಳೇ ಮಕ್ಕಳು!" ಎಂದು ನಕ್ಕು ಅಮ್ಮ ಸೆರಗಿನ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಎಂಜಿನ್ ಕೊಳದ ಆಚೆ ದಡದಲ್ಲಿ ತಿರುಗಿ ಮತ್ತೆ ಈ ಕಡೆ ಬರುತ್ತಿರುವ ಸದ್ದು ಕೇಳಿಸಿತು. ಚುಮ್ಮಿ ತಮ್ಮನ ಮುಂದೆ ಮಂಡಿಯೂರಿ ಕೂತಳು. ಅವನು ಹೆಗಲೇರಿದ. ಅಬ್ಬಾ, ಏನು ಭಾರ! ಕೋಟಿನ ಗುಂಡಿಗಳು ತಲೆಗೆ ಒತ್ತಿದವು. ಅವಳು ತೂರಾಡಿ, ಅಮ್ಮನ ಭುಜ ಹಿಡಿದು, ಹೇಗೋ ಎದ್ದು ನಿಂತಳು.

"ಬಂತು! ಬಂತು! ಚಕ್ರಕ್ಕೆ ತೋಳಿದೆ! ಡ್ರೈವರ್ ತಾತ ಇದ್ದಾರೆ! ಅಕ್ಕಾ, ಅವರು ನನ್ನ ಬಾವುಟ ನೋಡಿದ್ರು! ನೋಡಿ ಸೀಟಿ ಹೊಡೆದ್ರು!"

ಬೆಚ್ಚನೆಯ ಹಬೆಯ ಹನಿಗಳು ಇಬ್ಬರ ಮುಖದ ಮೇಲೂ ಸಿಡಿದವು. ಮೇಲಿನಿಂದ ಕೂಕು ಬಾಗಿ ಅವಳ ಹಣೆಗೆ ಕೈಯೂರಿ ಕೇಳಿದ.

"ಅಕ್ಕಾ, ನಿನಗೂ ಕಾಣ್ತಿದೆಯಾ?"

ಚುಮ್ಮಿಯ ಕಣ್ಣೆದುರಿಗೆ ಯಾರದೋ ಅಗಲವಾದ ಬೂದು ಬಣ್ಣದ ಬೆನ್ನು ಇತ್ತು. ಅದರ ಎರಡೂ ಪಕ್ಕ ಇನ್ನೆರಡು ಬೆನ್ನು.

"ಕಾಣ್ತಿದೆ ಕಣೋ," ಎಂದಳು ಅವಳು. "ತುಂಬಾ ಚೆನ್ನಾಗಿ ಕಾಣ್ತಿದೆ."